ಓದುಗರ ಪ್ರಶ್ನೆ, ನಮ್ಮ ಉತ್ತರ: ಕೈಗಡಿಯಾರ ಸಾಕುವುದು

ಪ್ರಶ್ನೆ: ನನ್ನ ಆಟೊಮ್ಯಾಟಿಕ್ (ಕೈ ಆಡಿದಂತೆ ತಾನೇ ಕೀ ತುಂಬಿಕೊಳ್ಳುವ) ವಾಚು ದಿನಕ್ಕೆ ಹತ್ತು ಸೆಕೆಂಡು ಹೆಚ್ಚುಕಮ್ಮಿ ತೋರಿಸುತ್ತಿತ್ತು. ಕಳೆದ ವಾರದಿಂದ ಇದ್ದಕ್ಕಿದ್ದಂತೆ 12 ನಿಮಿಷ ಮುಂದೆ ಓಡುತ್ತಿದೆ. ಬೀಳಿಸಿಲ್ಲ, ನೀರೂ ತಾಗಿಲ್ಲ. ಪೂರ್ತಿ ಬಿಚ್ಚಿಸಿ ಸರ್ವಿಸ್ ಮಾಡಿಸಬೇಕೆ?

ಉತ್ತರ: ಸರ್ವಿಸ್‌ಗೆ ಆತುರ ಬೇಡ. ಹೀಗೆ ಒಮ್ಮೆಲೇ ನಿಮಿಷಗಟ್ಟಲೆ ಮುಂದೆ ಓಡುವ ವಾಚಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಅಯಸ್ಕಾಂತವನ್ನು. ಒಳಗಿರುವ ಹೇರ್‌ಸ್ಪ್ರಿಂಗ್ ಕೂದಲಿನಷ್ಟು ತೆಳು. ಅದಕ್ಕೆ ಕಾಂತತ್ವ ಹಿಡಿದರೆ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದಂತಾಗಿ, ಹಿಂದೆ ಮುಂದೆ ತೂಗುತ್ತಾ ಕಾಲ ಅಳೆಯುವ ಬ್ಯಾಲೆನ್ಸ್ ಚಕ್ರದ ತೂಗಾಟ ಚುರುಕಾಗುತ್ತದೆ, ಮುಳ್ಳು ಓಡುತ್ತದೆ. ಸ್ಪೀಕರ್, ಹೆಡ್‌ಫೋನ್, ಟ್ಯಾಬ್ಲೆಟ್ಟಿನ ಕವರು, ಕೈಚೀಲದ ಅಯಸ್ಕಾಂತದ ಗುಂಡಿ, ಇವುಗಳ ಮೇಲೆ ರಾತ್ರಿಯಿಡೀ ವಾಚು ಇಟ್ಟಿದ್ದಿರಾ, ನೆನಪಿಸಿಕೊಳ್ಳಿ. ಕೆಲವು ಇಂಚು ದೂರವಿದ್ದರೂ ಸಾಕು, ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅಂಟಿಸಿ ಇಟ್ಟರೇ ಕಷ್ಟ.

ಪರೀಕ್ಷೆಗೆ ಮುಳ್ಳಿನ ದಿಕ್ಸೂಚಿ ಬೇಕು. ಮೇಜಿನ ಮೇಲಿಟ್ಟು, ಪಕ್ಕದಲ್ಲೇ ವಾಚನ್ನು ನಿಧಾನವಾಗಿ ತಿರುಗಿಸಿ. ದಿಕ್ಸೂಚಿಯ ಮುಳ್ಳು ವಾಚಿನ ಜೊತೆಜೊತೆಗೇ ಹೊಯ್ದಾಡಿದರೆ ಕಾಂತತ್ವ ಹಿಡಿದಿದೆ ಎಂದರ್ಥ. ಅದನ್ನು ತೆಗೆಯಲು ಡಿಮ್ಯಾಗ್ನೆಟೈಸರ್ ಎಂಬ ಅಂಗೈಯಗಲದ ಪೆಟ್ಟಿಗೆ ಬರುತ್ತದೆ. ವಾಚನ್ನು ಅದರ ಮೇಲಿಟ್ಟು ಗುಂಡಿ ಒತ್ತಿ ಹಿಡಿಯಿರಿ. ಒತ್ತಿದ್ದಂತೆಯೇ ವಾಚನ್ನು ಮೆಲ್ಲಗೆ ಮೇಲೆತ್ತುತ್ತಾ ಒಂದು ತೋಳಿನಷ್ಟು ದೂರ ಒಯ್ಯಿರಿ. ಆಮೇಲಷ್ಟೇ ಗುಂಡಿ ಬಿಡಿ. ಎಲ್ಲರೂ ಎಡವುವುದು ಇಲ್ಲೇ: ವಾಚು ಹತ್ತಿರವಿದ್ದಾಗಲೇ ಗುಂಡಿ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಾಂತತ್ವ ಹಿಡಿದುಬಿಡಬಹುದು. ಎರಡು ಮೂರು ಸಲ ಮಾಡಿದರೂ ಓಟ ನಿಲ್ಲದಿದ್ದರೆ ಸ್ಪ್ರಿಂಗಿಗೆ ಎಣ್ಣೆ ಹತ್ತಿರಬೇಕು, ಇಲ್ಲವೇ ಸುರುಳಿ ಸಿಕ್ಕಿಕೊಂಡಿರಬೇಕು. ಆಗ ರಿಪೇರಿಯವರ ಕೈಗೇ ಕೊಡಿ.

ಅಂದಹಾಗೆ, ನಿಮ್ಮ ಹಳೆಯ ಹತ್ತು ಸೆಕೆಂಡಿನ ಬಗ್ಗೆ ಬೇಸರ ಬೇಡ. ನಿಖರ ವಾಚುಗಳಿಗೆ ಕೊಡುವ ಸ್ವಿಸ್ ಕ್ರೊನೊಮೀಟರ್ ಪ್ರಮಾಣಪತ್ರವೇ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಎಂಬ ಸಡಿಲ ಕೊಡುತ್ತದೆ.

ಪ್ರಶ್ನೆ: ವಾಚಿನ ಹಿಂಬದಿಯಲ್ಲಿ ‘30 ಮೀಟರ್’ ಎಂದಿದೆ. ಸ್ನಾನಕ್ಕೆ ಕಟ್ಟಿಕೊಂಡೇ ಹೋಗಿದ್ದೆ, ಈಗ ಗಾಜಿನೊಳಗೆ ಮಂಜು ಕಟ್ಟಿದೆ. ಅಕ್ಕಿಯಲ್ಲಿ ಹೂತಿಟ್ಟರೆ ಆದೀತೆ?

ಉತ್ತರ: ಅಕ್ಕಿಯಿಂದ ಏನೂ ಆಗದು. ಮುಚ್ಚಿದ ವಾಚಿನೊಳಗಿನ ತೇವವನ್ನು ಹೊರಗಿನ ಅಕ್ಕಿ ಹೇಗೆ ಹೀರೀತು? ಬಿಸಿಲಿಗಿಟ್ಟರೂ ತೇವ ಗಾಜು ಬಿಟ್ಟು ಒಳಗಿನ ಉಕ್ಕಿನ ಭಾಗಗಳ ಮೇಲೆ ಕೂರುತ್ತದೆ. ಮಂಜು ಹೋಯಿತೆಂದು ನೀವು ಸಮಾಧಾನಪಡುವ ಹೊತ್ತಿಗೆ ಕೀ ಕೊಡುವ ಕಡ್ಡಿಗೆ ತುಕ್ಕು ಹಿಡಿದಿರುತ್ತದೆ. ಸಾಧ್ಯವಾದರೆ ಇವತ್ತೇ ಹಿಂಬದಿ ಮುಚ್ಚಳ ತೆಗೆಸಿ ಒಣಗಿಸಿ. ಅಲ್ಲಿಯವರೆಗೆ ಕೀಯನ್ನು ಹೊರಕ್ಕೆ ಎಳೆದು, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಿ. ಹೊಕ್ಕಿದ್ದು ಉಪ್ಪುನೀರಾದರೆ ಒಂದು ದಿನವೂ ಕಾಯುವಂತಿಲ್ಲ.

ಆ ‘30 ಮೀಟರ್’ ಮುಳುಗುವ ಆಳವಲ್ಲ, ಹೊಸ ವಾಚು ತಡೆದುಕೊಂಡ 3 ಬಾರ್ ಒತ್ತಡದ ಲೆಕ್ಕ. ಕೈ ತೊಳೆಯುವಾಗ ಸಿಡಿಯುವ ಹನಿಗೆ ಅದು ಸಾಕು. ಈಜಲು 100 ಮೀಟರ್ ಇರುವ ವಾಚೇ ಬೇಕು. ಬಿಸಿನೀರಿಗೂ ಸೋಪಿಗೂ ಅದನ್ನೂ ಒಡ್ಡಬೇಡಿ, ಒಳಗಿನ ರಬ್ಬರ್ ವಾಷರ್ ಬೇಗ ಗಟ್ಟಿಯಾಗಿ ಬಿರಿಯುತ್ತದೆ. ತಿರುಪಿನ ಕೀ ಇರುವ ವಾಚುಗಳಲ್ಲಿ ಇನ್ನೊಂದು ಎಚ್ಚರ: ಮುಚ್ಚುವಾಗ ಕೀಯನ್ನು ಒಳಕ್ಕೆ ಒತ್ತಿಕೊಂಡು ಮೊದಲು ಹಿಂದಕ್ಕೆ ತಿರುಗಿಸಿ, ಮರೆ (ತಿರುಪಿನ ಗೆರೆ) ಕೂತ ಸಣ್ಣ ‘ಟಕ್’ ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ. ಬಲವಂತ ಮಾಡಿದರೆ ಮರೆ ಸವೆಯುತ್ತದೆ, ಆಮೇಲೆ ಎಷ್ಟು ಮೀಟರ್ ಬರೆದಿದ್ದರೂ ಒಂದೇ.

ಪ್ರಶ್ನೆ: ನನ್ನಲ್ಲಿ ಐದು ಆಟೊಮ್ಯಾಟಿಕ್ ವಾಚುಗಳಿವೆ. ಕಟ್ಟದವು ನಿಂತುಹೋಗುತ್ತವೆ. ತಿರುಗಿಸುವ ಯಂತ್ರ ಕೊಳ್ಳಬೇಕೆ?

ಉತ್ತರ: ಬೇಡ. ನಿಂತ ವಾಚು ಕೆಟ್ಟ ವಾಚಲ್ಲ, ನಿದ್ದೆಯಲ್ಲಿದೆ ಅಷ್ಟೆ. ಪೂರ್ತಿ ಕೀ ಪಡೆದದ್ದು ಸಾಮಾನ್ಯವಾಗಿ 40 ಗಂಟೆ ನಡೆಯುತ್ತದೆ. ಸದಾ ತಿರುಗಿಸುತ್ತಿದ್ದರೆ ಸುಮ್ಮನೆ ಸವೆತ. ತಿಂಗಳು, ವರ್ಷ, ಚಂದ್ರನ ಕಲೆ ಎಲ್ಲ ತೋರಿಸುವ ವಾಚಿದ್ದರೆ ಮಾತ್ರ ಯಂತ್ರಕ್ಕೊಂದು ಅರ್ಥವಿದೆ, ಅವನ್ನೆಲ್ಲ ಮತ್ತೆ ಹೊಂದಿಸುವುದು ತಲೆನೋವು.

ನಿಜವಾದ ಅಪಾಯ ಎಬ್ಬಿಸುವಾಗ. ಹೆಚ್ಚಿನ ವಾಚುಗಳಲ್ಲಿ ರಾತ್ರಿ 9ರಿಂದ ಬೆಳಗಿನ 3ರವರೆಗೆ ತಾರೀಖಿನ ಹಲ್ಲುಚಕ್ರಗಳು ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಆಗ ಕೀ ಎಳೆದು ತಾರೀಖು ಬದಲಿಸಿದರೆ ಹಲ್ಲು ಮುರಿಯಬಹುದು. ನಿಂತ ವಾಚು ತೋರಿಸುವುದು ಹಗಲಿನ ಹತ್ತೋ ರಾತ್ರಿಯ ಹತ್ತೋ ನೋಡಿ ಹೇಳಲಾಗದು. ಆದ್ದರಿಂದ ಮೊದಲು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ 6 ಗಂಟೆಗೆ ತನ್ನಿ. ತಾರೀಖನ್ನು ನಿನ್ನೆಯದಕ್ಕೆ ಇಡಿ. ಮತ್ತೆ ಮುಳ್ಳು ತಿರುಗಿಸುತ್ತಾ ಹೋಗಿ, ತಾರೀಖು ತಾನೇ ಉರುಳಿ ಇವತ್ತಿನದು ಬಂದರೆ ಅದೇ ಮಧ್ಯರಾತ್ರಿ. ಅಲ್ಲಿಂದ ಈಗಿನ ಹೊತ್ತಿಗೆ ತನ್ನಿ. ಕೈಯಿಂದ ಕೀ ಕೊಡಬಹುದಾದ್ದಕ್ಕೆ 20–30 ಸುತ್ತು ಕೊಡಿ, ಉಳಿದವನ್ನು ಅರ್ಧ ನಿಮಿಷ ಮೆಲ್ಲಗೆ ತೂಗಿ ಕಟ್ಟಿಕೊಳ್ಳಿ.

ಪ್ರಶ್ನೆ: ಸೆಲ್ ವಾಚಿನ ಸೆಕೆಂಡು ಮುಳ್ಳು ಎರಡೆರಡು ಸೆಕೆಂಡು ಹಾರುತ್ತಿದೆ. ಕೆಟ್ಟಿತೆ?

ಉತ್ತರ: ಇಲ್ಲ, ಸೆಲ್ ಮುಗಿಯುತ್ತಿದೆ ಎಂದು ಅನೇಕ ಕ್ವಾರ್ಟ್ಜ್ ವಾಚುಗಳು ಹೇಳುವುದೇ ಹೀಗೆ. SR ಎಂದು ಶುರುವಾಗುವ ಸಿಲ್ವರ್ ಆಕ್ಸೈಡ್ ಸೆಲ್ಲನ್ನೇ ಹಾಕಿಸಿ. LR ಎಂಬುದು ಆಲ್ಕಲೈನ್. ಅಳತೆ ಅದೇ ಇದ್ದರೂ ಸೋರುವ ಭಯ ಹೆಚ್ಚು. ಮುಗಿದ ಸೆಲ್ಲನ್ನು ಮಾತ್ರ ಒಳಗೆ ಬಿಡಬೇಡಿ.

ಪ್ರಶ್ನೆ: ಕತ್ತಲೆಯಲ್ಲಿ ಹೊಳೆಯುವ ಬಣ್ಣವಿದ್ದ 1950ರ ದಶಕದ ವಾಚೊಂದು ಮಾರಾಟಕ್ಕಿದೆ. ಈಗ ಹೊಳೆಯುವುದಿಲ್ಲ. ಕೊಂಡು ಹೊಸ ಬಣ್ಣ ಹಾಕಿಸಲೆ?

ಉತ್ತರ: ಕೊಳ್ಳುವುದು ನಿಮ್ಮಿಷ್ಟ, ಡಯಲನ್ನು ಮುಟ್ಟಬೇಡಿ. ಆ ಕಾಲದ ಹೊಳೆಯುವ ಬಣ್ಣದಲ್ಲಿ ಸಾಮಾನ್ಯವಾಗಿ ಇರುತ್ತಿದ್ದುದು ವಿಕಿರಣ ಸೂಸುವ ರೇಡಿಯಂ. ಸತ್ತಿರುವುದು ಬೆಳಕು ಕೊಡುತ್ತಿದ್ದ ಜಿಂಕ್ ಸಲ್ಫೈಡ್ ಮಾತ್ರ. ರೇಡಿಯಂನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕಿಳಿಯಲು ಬೇಕಾದ ಕಾಲ, ಸುಮಾರು 1,600 ವರ್ಷ, ಅದು ಹೆಚ್ಚುಕಮ್ಮಿ ಹಾಗೇ ಇದೆ. ಕೆರೆದರೆ ಉದುರುವ ಪುಡಿ ಉಸಿರಿನಲ್ಲಿ ಸೇರುವುದೇ ದೊಡ್ಡ ಅಪಾಯ. ಆದ್ದರಿಂದ ಹಿಂಬದಿಯನ್ನೂ ಮನೆಯಲ್ಲಿ ತೆರೆಯಬೇಡಿ, ರಿಪೇರಿಗೆ ಕೊಡುವಾಗ ರೇಡಿಯಂ ಇದೆಯೆಂದು ಮೊದಲೇ ಹೇಳಿ. ಡಯಲಿನ ಬುಡದಲ್ಲಿ 6ರ ಕೆಳಗೆ ‘T SWISS T’ ಎಂದಿದ್ದರೆ ಅದು ನಂತರ ಬಂದ, ಸೌಮ್ಯ ವಿಕಿರಣದ ಟ್ರಿಟಿಯಂ. ಅದರ ಅರ್ಧಾಯುಷ್ಯ 12 ವರ್ಷ ಚಿಲ್ಲರೆ, ಅಷ್ಟು ಗಾಬರಿ ಬೇಡ.

ಸಂಗ್ರಹದ ದೃಷ್ಟಿಯಿಂದಲೂ ಹೊಸ ಬಣ್ಣ ನಷ್ಟವೇ. ಕೊಳ್ಳುವ ಮುಂಚೆ ಭೂತಗನ್ನಡಿಯಲ್ಲಿ ಅಕ್ಷರಗಳ ಅಂಚು ನೋಡಿ. ಮೂಲ ಅಚ್ಚಿನ ಗೆರೆ ಚೂಪಾಗಿರುತ್ತದೆ, ಮತ್ತೆ ಬರೆಸಿದ್ದರಲ್ಲಿ ದಪ್ಪಗಾಗಿ ಹರಡಿರುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರ ಕೂಡುವುದಿಲ್ಲ. ಡಯಲಿನ ಬಣ್ಣ ಹಳದಿಗಟ್ಟಿ ಮುಳ್ಳಿನದು ಬೆಳ್ಳಗಿದ್ದರೆ ಮುಳ್ಳನ್ನು ಬದಲಿಸಿರಬಹುದು, ಇಲ್ಲವೇ ಅದಕ್ಕೆ ಹೊಸ ಬಣ್ಣ ಹಾಕಿರಬಹುದು. ಮಾರುವವರು ಒಳಗಿನ ಯಂತ್ರದ ಚಿತ್ರ ಕೊಡಲು ಹಿಂಜರಿದರೆ ಆ ವಾಚನ್ನು ಅವರಿಗೇ ಬಿಡಿ.