ಬೋರ್ಡು ಹಾಕಿ ಕೆಟ್ಟೆ

ಧಾರವಾಡದಲ್ಲಿ ‘ಪರಿಸರಸ್ನೇಹಿ’ ಕೈಮಗ್ಗದ ಅಂಗಡಿ ಹಾಕಿದರೆ ಜನ ನೂರಿನ್ನೂರು ಜಾಸ್ತಿ ಕೊಡ್ತಾರಾ ಅಂತ ಕೇಳಿದ್ದೀರಿ. ಇದೇ ಲೆಕ್ಕ ಹಾಕಿ ನಾನೂ ಹುಬ್ಬಳ್ಳಿಯಲ್ಲಿ ಅಂಗಡಿ ತೆಗೆದಿದ್ದೆ. ಮೂರು ವರ್ಷ ನಡೆಯಿತು.

‘ಕರೆಂಟಿಲ್ಲದೆ ನೇಯ್ದದ್ದು, ನೇಕಾರರಿಗೆ ನ್ಯಾಯದ ಕೂಲಿ’ ಅಂತ ದೊಡ್ಡ ಬೋರ್ಡು. ಓದಿದವರು ಹೊಗಳುತ್ತಿದ್ದರು. ಹೊಗಳಿ, ಒಂದು ಟವೆಲ್ ತಗೊಂಡು ಹೋಗುತ್ತಿದ್ದರು. ಹತ್ತರಲ್ಲಿ ಇಬ್ಬರು ಖಾಯಂ ಗಿರಾಕಿಯಾದರು. ಅಂಗಡಿ ನಿಂತಿದ್ದೇ ಅವರಿಂದ.

ಕೆಟ್ಟದ್ದು ಒಂದು ದೀಪಾವಳಿಗೆ. ಬೆಟಗೇರಿಯಿಂದ ನಲವತ್ತು ಸೀರೆ ಬರಬೇಕಿತ್ತು, ಹದಿನೆಂಟು ಬಂದವು. ಕೈಮಗ್ಗ ಅಂದರೆ ಹಾಗೇ, ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಮಗ್ಗ ನಿಂತಿತು. ಉಳಿದ ಇಪ್ಪತ್ತೆರಡಕ್ಕೆ ಪವರ್‌ಲೂಮ್ ಸೀರೆ ತಂದೆ. ಅದೂ ತಪ್ಪಲ್ಲ. ಬೇರೆ ಕಪಾಟಿನಲ್ಲಿಟ್ಟು, ‘ಇದು ಪವರ್‌ಲೂಮು, ಇನ್ನೂರು ಕಡಿಮೆ’ ಅಂದಿದ್ದರೆ ಮುಗಿದಿತ್ತು. ಜನ ತಗೊಳ್ತಿದ್ದರು. ನಾನು ಕೈಮಗ್ಗದ ಚೀಟಿಯನ್ನೇ ಅಂಟಿಸಿ ಅದೇ ಕಪಾಟಿನಲ್ಲಿಟ್ಟೆ. ಹಬ್ಬದ ಗದ್ದಲದಲ್ಲಿ ಯಾರು ನೋಡ್ತಾರೆ ಅಂದುಕೊಂಡೆ.

ಖಾಯಂ ಬರುವ ಅಮ್ಮ ಒಬ್ಬರು ನೋಡಿದರು. ಅವರ ತವರು ನೇಕಾರರ ಮನೆ. ಸೆರಗು ಬಿಚ್ಚಲೇ ಇಲ್ಲ, ಅಂಚನ್ನು ಬೆಳಕಿಗೆ ಹಿಡಿದರು. ಕೈಮಗ್ಗದಲ್ಲಿ ಬಟ್ಟೆ ಬಿಗಿಯಾಗಿರಲಿ ಅಂತ ಅಗಲಕ್ಕೊಂದು ಕಡ್ಡಿ ಕೊಟ್ಟಿರುತ್ತಾರೆ. ಅದರ ತುದಿಯ ಮುಳ್ಳು ಚುಚ್ಚಿದ ಸಣ್ಣ ತೂತು ಅಂಚಿನಲ್ಲಿ ಅಲ್ಲಲ್ಲಿ ಉಳಿಯುತ್ತವೆ. ನನ್ನ ಸೀರೆಯಲ್ಲಿ ಇರಲಿಲ್ಲ.

“ತಮ್ಮಾ, ಇದು ಕೈಮಗ್ಗದ್ದಲ್ಲ ಬಿಡಪಾ” ಅಂದು ಮಡಚಿಟ್ಟು ಹೋದರು. ಜಗಳ ಮಾಡಲಿಲ್ಲ. ಮಾಡಿದ್ದರೆ ಕೈಮುಗಿದು ತಪ್ಪಾಯ್ತು ಅನ್ನಬಹುದಿತ್ತು. ವಾರದೊಳಗೆ ಅಸಲಿ ಸೀರೆ ಒಯ್ದವರೂ ವಾಪಸ್ ತಂದರು.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಒಳ್ಳೆಯತನಕ್ಕೆ ಜನ ಜಾಸ್ತಿ ಕೊಡೋದು ಅಪರೂಪ. ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುವ ಖಾದಿ ರಾಷ್ಟ್ರಧ್ವಜ ನೋಡಿ. 2021ರ ಡಿಸೆಂಬರ್‌ನಲ್ಲಿ ಪಾಲಿಯೆಸ್ಟರ್ ಬಾವುಟಕ್ಕೆ ಅನುಮತಿ ಸಿಕ್ಕಿತು, ಮರುವರ್ಷವೇ ಜನ ಅಗ್ಗದ್ದಕ್ಕೆ ಹೊರಳಿದರು. ಆದರೆ ಒಳ್ಳೆಯವನು ಅಂತ ಬೋರ್ಡು ಹಾಕಿದವನ ಸುಳ್ಳನ್ನು ಬಿಡೋದಿಲ್ಲ. ಪಕ್ಕದಂಗಡಿಯವನು ಬರೀ ಪವರ್‌ಲೂಮ್ ಮಾರ್ತಿದ್ದ. ಅವನನ್ನು ಯಾರೂ ಏನೂ ಕೇಳಲಿಲ್ಲ.

ಅಂಗಡಿ ಹಾಕಿ, ಬೇಡ ಅನ್ನಲ್ಲ. ಇದು ಕೈಮಗ್ಗದ್ದೇ ಅಂತ ಖಾತ್ರಿ ಕೊಡುವ ಸರಕಾರದ ಗುರುತು, ಹ್ಯಾಂಡ್‌ಲೂಮ್ ಮಾರ್ಕ್, 2006ರಿಂದ ಇದೆ, ಅದಿರುವ ಮಾಲನ್ನೇ ತನ್ನಿ. ಅಂಚನ್ನು ನೀವೇ ಗಿರಾಕಿಗೆ ತೋರಿಸಿ. ಪರಿಸರದ ಬೋರ್ಡು ಮಾತ್ರ ಸುಮ್ನೆ ಬೇಡ.

ಮಾರದೆ ಉಳಿದ ಆ ಸೀರೆಗಳಲ್ಲಿ ಒಂದನ್ನು ನಮ್ಮವ್ವ ಈಗಲೂ ಉಡುತ್ತಾಳೆ. ಚೆನ್ನಾಗೇ ಇದೆ, ಬಣ್ಣವೂ ಹೋಗಿಲ್ಲ.