ಪಿ0302 ಬಂದಿದೆ, ನಾಲ್ಕೂ ಕಾಯಿಲ್ ಬದಲಿಸಬೇಕಾ?

ಸರ್, ಬಳ್ಳಾರಿ-ಸಂಡೂರು ಓಡಾಡೋ ಪೆಟ್ರೋಲ್ ಕಾರು, ನಡುಗ್ತಿದೆ, ಸ್ಕ್ಯಾನರ್‌ನಲ್ಲಿ ಪಿ0302 ಅಂದಿದ್ದೀರಿ. ಪ್ಲಗ್ಗಿಗೆ ಕಿಡಿ ಕೊಡೋ ಕಾಯಿಲ್ ನಾಲ್ಕನ್ನೂ ಈಗಲೇ ತರಬೇಡಿ. ಆ ಕೋಡಿನ ಅರ್ಥ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ, ಅಂದ್ರೆ ಅಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ ಮಾತ್ರ. ಪ್ರತಿ ಪ್ಲಗ್ಗಿನ ಮೇಲೆ ಬೇರೆ ಕಾಯಿಲ್ ಇದ್ದರೆ ಎರಡು ಮತ್ತು ಮೂರನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ ಓಡಿಸಿ. ಪಿ0303 ಬಂದರೆ, ಅಂದ್ರೆ ಮಿಸ್ ಮೂರನೇ ಸಿಲಿಂಡರಿಗೆ ಹೋದರೆ, ಆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್, ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ನೋಡಿ.

ಬಿಚ್ಚೋಕೆ ಮುಂಚೆ ಇಂಜಿನ್ ಪೂರ್ತಿ ತಣ್ಣಗಾಗಲಿ, ಬ್ಯಾಟರಿಯ ಮೈನಸ್ ತೆಗೆಯಿರಿ. ಕಾಯಿಲಿನ ವೈರ್ ಕನೆಕ್ಟರಿನ ಲಾಕ್ ಒತ್ತಿ ಎಳೀರಿ, ವೈರ್ ಹಿಡಿದು ಬೇಡ. ಬಿಸಿಗೆ ಗಡುಸಾದ ಆ ಪ್ಲಾಸ್ಟಿಕ್ ಪಟಕ್ಕನೆ ಮುರಿಯುತ್ತೆ. ಬೋಲ್ಟಿಗೆ ಸಾಮಾನ್ಯವಾಗಿ 10ರ ಪಾನಾ ಸಾಕು. ಕಾಯಿಲನ್ನು ಸ್ವಲ್ಪ ತಿರುಗಿಸಿ ನೇರಕ್ಕೆ ಎತ್ತಿ.

ನಮ್ಮ ಕಡೆ ಮುಖ್ಯವಾದದ್ದು ಅದಿರಿನ ಕೆಂಪು ಧೂಳು. ಪ್ಲಗ್ ಬಿಚ್ಚೋ ಮೊದಲು ಅದು ಕೂತಿರೋ ಗುಂಡಿಗೆ ಗಾಳಿ ಹೊಡೆಯಲೇಬೇಕು, ಇಲ್ಲಾಂದ್ರೆ ಅದೆಲ್ಲ ಸಿಲಿಂಡರಿಗೇ ಬೀಳುತ್ತೆ. ಕಾಯಿಲಿನ ಕೆಳಗೆ ಪ್ಲಗ್ಗನ್ನು ಮುಚ್ಚೋ ರಬ್ಬರ್ ಬೂಟಿನ ಮೇಲೆ ಕೂದಲೆಳೆಯಂಥ ಕರಿ ಗೆರೆ ಕಂಡರೆ ಕಿಡಿ ಅಲ್ಲೇ ಸೋರಿದೆ, ಪ್ಲಗ್ಗೂ ಬದಲಿಸಿ. ಗುಂಡಿಯಲ್ಲಿ ಆಯಿಲ್ ಇದ್ದರೆ ಮೊದಲು ಇಂಜಿನ್ ಮೇಲಿನ ಮುಚ್ಚಳದ (ಟ್ಯಾಪೆಟ್ ಕವರ್) ಸೀಲು ಹಾಕಿಸಿ, ಇಲ್ಲವಾದರೆ ಹೊಸ ಬೂಟೂ ಉಬ್ಬಿ ಹಾಳಾಗುತ್ತೆ. ಬೋಲ್ಟನ್ನು ಹದವಾಗಿ ಬಿಗೀರಿ, ಅಲ್ಯೂಮಿನಿಯಂನಲ್ಲಿ ಬೋಲ್ಟಿನ ಮರೆ (ಥ್ರೆಡ್) ಬೇಗ ಹೋಗುತ್ತೆ.

ಇಂಜಿನ್ ಲೈಟ್ ಮಿಣುಕ್ತಿದ್ರೆ ಮಾತ್ರ ಗಾಡಿ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡುತ್ತೆ.