ಯುಗಾದಿ ಊಟದ ಸಾಲಿನಲ್ಲಿ ಕೇಳಿದ ಮಾತು

"ಅಕ್ಕ, ಮಂಡ್ಯದಿಂದ ನ್ಯೂಜೆರ್ಸಿಗೆ ಬಂದು ತಿಂಗಳಾಯಿತು, ಫಾರ್ಮಸಿಯಲ್ಲಿ ಟೆಕ್ನಿಷಿಯನ್ ಕೆಲಸ ಸಿಕ್ಕಿದೆ. ಹಿಪಾ ಕಾಯ್ದೆಗೆ ಅಷ್ಟೊಂದು ಹೆದರಬೇಕೇ? ಚಳಿಗೆ ಏನು ಕೊಳ್ಳಲಿ?" ಎಂದು ಕೇಳಿದ್ದೀಯ. ಮೊದಲು ಒಳ್ಳೆಯ ಬೂಟು ಕೊಂಡುಕೋ ತಂಗಿ, ಕೋಟು ಆಮೇಲೆ.

ಹಿಪಾ ಎಂದರೆ ರೋಗಿಗಳ ಆರೋಗ್ಯದ ಗುಟ್ಟು ಕಾಯುವ ಅಮೆರಿಕದ ಕಾಯ್ದೆ, 1996ರದು. ಅದರ ಖಾಸಗಿತನದ ನಿಯಮಗಳು 2003ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ಹೆಸರಿನ ಜೊತೆ ಜನ್ಮದಿನಾಂಕ ಕೇಳುವುದು, ರೋಗಿಯ ಹೆಸರಿನ ಲೇಬಲ್ ಅಂಟಿದ ಡಬ್ಬಿಯನ್ನು ಕಸಕ್ಕೆ ಎಸೆಯದಿರುವುದು ವಾರದಲ್ಲಿ ರೂಢಿಯಾಗುತ್ತದೆ. ಅಂಥ ಡಬ್ಬಿಗಳನ್ನು ತೆರೆದ ತೊಟ್ಟಿಗೆ ಸುರಿದ ಪ್ರಕರಣದಲ್ಲಿ ದೊಡ್ಡ ಕಂಪನಿಯೊಂದು 2009ರಲ್ಲಿ 22.5 ಲಕ್ಷ ಡಾಲರ್ ತೆತ್ತಿತು.

ನನಗೆ ಹೆದರಿಕೆ ನಿನ್ನ ನಾಲಿಗೆಯದು. ನಮ್ಮ ಪೇಟೆ ಬೀದಿಯ ಮೆಡಿಕಲ್ ಸ್ಟೋರ್ ನಿನಗೆ ಗೊತ್ತಲ್ಲ. "ನಿಮ್ಮಪ್ಪನ ಸಕ್ಕರೆ ಕಾಯಿಲೆ ಮಾತ್ರೆ ಮುಗಿದಿರಬೇಕಲ್ಲ" ಎಂದು ವಿಚಾರಿಸದ ಅಂಗಡಿಯವರನ್ನು ನಾವು ಬಿಗುಮಾನದವರು ಎನ್ನುತ್ತೇವೆ. ಆ ಅಕ್ಕರೆಯನ್ನೇ ಕಟ್ಟಿಕೊಂಡು ನಾನೂ ಇಲ್ಲಿಗೆ ಬಂದೆ.

ಬಂದ ಮರುವರ್ಷ ಯುಗಾದಿ ಊಟಕ್ಕೆ ಶ್ರೀರಂಗಪಟ್ಟಣದ ಕಡೆಯ ಹಿರಿಯರೊಬ್ಬರು ನನ್ನ ಪಕ್ಕ ಕುಳಿತಿದ್ದರು. ಹಿಂದಿನ ವಾರ ಅವರ ಔಷಧಿ ಪೊಟ್ಟಣ ಕೊಟ್ಟವಳು ನಾನೇ. "ಅಮ್ಮ, ಆ ಮಾತ್ರೆ ಒಗ್ಗಿತೇ? ಈಗ ನಿದ್ರೆ ಬರುತ್ತಿದೆಯೇ?" ಎಂದೆ. ಅವರ ಆಚೆ ಬದಿಯಲ್ಲಿದ್ದ ಮಗ ತಿರುಗಿ ನೋಡಿದ. ಅವನಿಗೆ ಏನೂ ತಿಳಿದಿರಲಿಲ್ಲ. ಒಬ್ಬಟ್ಟಿನ ಮೇಲೆ ತುಪ್ಪ ಆಗಷ್ಟೇ ಬಿದ್ದಿತ್ತು. ಆಕೆ ಎಲೆ ಮಡಿಚಿ ಎದ್ದುಬಿಟ್ಟರು.

ಮರುದಿನ ಮ್ಯಾನೇಜರಿಗೆ ನಾನೇ ಹೇಳಿದೆ. ಎಚ್ಚರಿಕೆ ಪತ್ರ ಸಿಕ್ಕಿತು, ಮತ್ತೆ ತರಬೇತಿಗೆ ಕೂತೆ. ಗುಟ್ಟು ಹೊರಬಿದ್ದರೆ ರೋಗಿಗೆ 60 ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕು. ಆಕೆಯ ಮನೆಗೂ ಕಾಗದ ಹೋಯಿತು, ಇಂಗ್ಲಿಷಿನಲ್ಲಿ. ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಓದಿ ಹೇಳಿದವನು ಆ ಮಗನೇ ಇರಬೇಕು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆಕೆ ಮತ್ತೆ ನಮ್ಮ ಕೌಂಟರಿಗೆ ಬರಲಿಲ್ಲ.

ನಮ್ಮವರು ಬಂದಾಗ ಕನ್ನಡದಲ್ಲಿ ಮಾತನಾಡು, ಆದರೆ ದನಿ ತಗ್ಗಿಸು. ಹಿಂದೆ ನಿಂತವರಿಗೆ ಕನ್ನಡ ಬರುವುದಿಲ್ಲ ಎಂದುಕೊಳ್ಳಬೇಡ. ಗಂಡ ಬಂದು ಹೆಂಡತಿಯ ಔಷಧಿ ಒಯ್ಯಬಹುದು, ಅದು ಯಾವುದಕ್ಕೆಂದು ಅವನು ಕೇಳಿದರೆ ಫಾರ್ಮಸಿಸ್ಟರನ್ನು ಕರೆ. ಪರಿಚಯದವರ ದಾಖಲೆಯನ್ನು ಕೆಲಸವಿಲ್ಲದೆ ತೆರೆಯಲೇಬೇಡ, ಕಾಳಜಿಯಿಂದಲೂ ಬೇಡ.

ಶನಿವಾರ ಸಂಜೆ ಫೋನ್ ಮಾಡು. ವಿ.ಸಿ. ನಾಲೆಗೆ ನೀರು ಬಿಟ್ಟರೇ ಎಂದು ನಿಮ್ಮಮ್ಮನನ್ನು ಕೇಳಿಕೊಂಡು ಹೇಳು.